ಹಾಲು ಬೇಡ

ಟಮಕದ ಲ್ಯಾಬಿಗೆ ಸೇರಿದ ಮೊದಲ ವಾರ
ಅಭ್ಯಾಸದ ಕೈ ಹಾಲಿನ ಪುಡಿ ಕಲಸಿತು,
ನೂರು ಮಿಲಿಗೆ ಐದು ಗ್ರಾಂ.
ಪೊರೆಯ ಮೇಲೆ ಖಾಲಿ ಜಾಗವನ್ನೆಲ್ಲ ಹಾಲು ಮೊದಲೇ ಹಿಡಿದಿಡಬೇಕು,
ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಎಸೆದ ಹಾಗೆ.
ಇಲ್ಲದಿದ್ದರೆ ಆಂಟಿಬಾಡಿ ಸಿಕ್ಕಸಿಕ್ಕಲ್ಲಿ ಕೂರುತ್ತದೆ.

ಮಾರನೆಯ ದಿನ ಪೊರೆ ಪೂರಾ ಕಪ್ಪು,
ಸೀದ ಪಾತ್ರೆಯ ತಳ.

ಶಾಹೀನಾ ಮೇಡಂ ಬೈಯಲಿಲ್ಲ.
ಹಾಲು ಹಾಕಿದೆಯಾ, ಎಂದರು.
ಹಾಲಿನ ಕೇಸೀನಿಗೂ ಮೈತುಂಬ ಫಾಸ್ಫೇಟು,
ಇದು ಹುಡುಕುವುದೂ ಫಾಸ್ಫೇಟಿನ ಗುರುತನ್ನೇ.
ಇದಕ್ಕೆ ಹಸುವಿನ ರಕ್ತದ ಆಲ್ಬುಮಿನ್. ಹಾಲು ಬೇಡ.

ಡೈರಿಗೆ ದಿನಾ ಎಂಟು ಲೀಟರು ಅಳೆಯುವ ಮನೆ ನಮ್ಮದು.
ರಾತ್ರಿ ಅವ್ವನಿಗೆ ಹೇಳಿದೆ. ಹಿಂಡಿ ನೆನೆಸುತ್ತಿದ್ದವಳು
ತಲೆ ಎತ್ತದೆ ಅಂದಳು:
ರಕ್ತ ಆಗ್ತದೆ, ಹಾಲು ಆಗಲ್ಲ.
ಎಂಥಾ ದೇವರೇ ಅದು?

ದೇವರಲ್ಲ. ಯಾವುದೋ ಮೊಲದ ರಕ್ತದಲ್ಲಿ ಹುಟ್ಟಿದ್ದು,
ಬರುವುದು ಒಂದೇ ಕೆಲಸ.
ನರಕೋಶದೊಳಗೆ ಟೌ ಎಂಬ ಪ್ರೋಟೀನು,
ಅದರ ಮುನ್ನೂರ ತೊಂಬತ್ತಾರನೇ ಮಣಿಗೆ
ಫಾಸ್ಫೇಟು ಅಂಟಿದ್ದರೆ ಹಿಡಿಯುತ್ತದೆ.
ಅಂಟದ ಟೌ ಎದುರಿಗೇ ಹಾದುಹೋದರೂ
ನೀ ಯಾರೋ ನಾ ಯಾರೋ,
ಚೆಕಿಂಗಿಗೆ ಹತ್ತಿದವರು
ತೂತು ಬಿದ್ದ ಟಿಕೆಟ್ಟನ್ನಷ್ಟೇ ನಂಬುವ ಹಾಗೆ.

ಈ ಹೋಲಿಕೆ ನನ್ನದಲ್ಲ.
ಹದಿನೇಳನೇ ನಂಬರಿನ ಮಿದುಳು ಕಂಡಕ್ಟರೊಬ್ಬರದು.
ಹೆಸರು ನಮಗೆ ಹೇಳುವುದಿಲ್ಲ; ಫಾರಂ ತಂದ ಮಗ
ಕೌಂಟರಿನ ಮುಂದೆ ತಾನಾಗಿ ಹೇಳಿಕೊಂಡ.
ಅಪ್ಪ ನನ್ನ ಹೆಸರು ಮರೆತಿದ್ದ ಮೇಡಂ.
ರಾತ್ರಿ ಎರಡಕ್ಕೆ ಎದ್ದು ಮಂಚದ ಮೇಲೆ ಕೂತು
ಬಂಗಾರಪೇಟೆ, ಕೆಜಿಎಫ್, ಬೇತಮಂಗಲ,
ಇಳಿಯೋರು ಇಳೀರಿ, ಅಂತಿದ್ದ.
ಅಮ್ಮ ಇಳಿದು ಚಾಪೆ ಮೇಲೆ ಮಲಗೋಳು.

ಆಮೇಲೆ ಪೆನ್ನಿನ ಮುಚ್ಚಳ ತೆಗೆದು, ಹಾಕಿ, ತೆಗೆದು, ಕೇಳಿದ:
ಮೈ ಕಾಲೇಜಿಗೆ ಕೊಟ್ಟಿದ್ದೀವಿ, ಮಿದುಳು ನಿಮಗೆ.
ಮೂರನೇ ದಿನದ ಹಾಲುತುಪ್ಪ
ಎಲ್ಲಿ ಬಿಡೋದು?

ನಾನು ಮೇಡಂ ಅಲ್ಲ, ಟೆಕ್ನಿಷಿಯನ್ ಅಂದೆ.
ಅಷ್ಟೇ ಹೊಳೆದದ್ದು.

ಎರಡನೇ ಸಲ ಎಲ್ಲ ಸರಿಯಾಗಿ ಮಾಡಿದೆ.
ನಾಲ್ಕು ಡಿಗ್ರಿಯ ಚಳಿಯಲ್ಲಿ ರಾತ್ರಿಯಿಡೀ
ತೊಟ್ಟಿಲಿನ ಹಾಗೆ ತೂಗುವ ಯಂತ್ರದಲ್ಲಿ ಮೊಲದ್ದು.
ಬೆಳಿಗ್ಗೆ ಅದರ ಬೆನ್ನು ಹಿಡಿಯಲು ಮೇಕೆಯದು.
ಪ್ರತಿ ಸಲ ಮೂರು ಬಾರಿ ತೊಳೆದೆ, ಹತ್ತತ್ತು ನಿಮಿಷ;
ಗಟ್ಟಿ ಹಿಡಿಯದ್ದೆಲ್ಲ ನೀರಿನ ಜೊತೆ ಹೋಗಬೇಕು.
ಇಳಿಯೋರು ಇಳೀರಿ,
ಯಾರೂ ಇಲ್ಲದ ಲ್ಯಾಬಿನಲ್ಲಿ ನನ್ನ ಬಾಯೇ ಅಂದಿತು.

ಕತ್ತಲೆ ಕೋಣೆ. ಫಿಲ್ಮು ದ್ರಾವಣದಲ್ಲಿ.
ಫಾಸ್ಫೇಟು ಕಿತ್ತುಹಾಕಿದ ಸಾಲು ಖಾಲಿ, ಸರಿ.
ಪಕ್ಕದಲ್ಲಿ, ಹದಿನೇಳರಲ್ಲಿ,
ಐವತ್ತಕ್ಕೂ ಅರವತ್ತಕ್ಕೂ ನಡುವೆ
ಕಪ್ಪು ಗೆರೆಗಳು, ಒತ್ತೊತ್ತಾಗಿ,
ಇಳಿಯದೆ ಉಳಿದವು.

ದೀಪ ಹಾಕುವ ಮುಂಚೆ ಲೆಕ್ಕ ಹಾಕಿದೆ:
ಜೆಲ್ ಓಡಿಸಿದ್ದು ಸೋಮವಾರ,
ಇವತ್ತು ಬುಧವಾರ.
ಮೂರನೇ ದಿನ.
ಕೈಯಲ್ಲಿ ಹಾಲಿರಲಿಲ್ಲ.