ಅರವತ್ತರಿಂದ ಐವತ್ತಕ್ಕೆ

ಖೋಬರಿನ ಕರೆಂಟು ಸೆಕೆಂಡಿಗೆ ಅರವತ್ತು ಸಲ ನಡುಗುತ್ತದೆ,
ಸೇತುವೆ ದಾಟಿ ಬಹ್ರೇನಿಗೆ ಬಂದರೆ ಐವತ್ತೇ ಸಲ.
ಫ್ರಿಜ್ ರಿಪೇರಿಯವನಿಗೆ ಇದು ಬರೀ ಮೋಟಾರಿನ ಲೆಕ್ಕ.
ಆದರೆ ಹಾರ್ಮೋನಿಯಂ ಬಿಚ್ಚಿ ಕೂರುತ್ತಿದ್ದ ಚಿಕ್ಕಪ್ಪನಿಂದ
ಬಂದ ಕಿವಿ ನನ್ನದು. ಮೊದಲ ರಾತ್ರಿಯೇ,
ಮುಹರಕ್‌ನ ಕೋಣೆಯಲ್ಲಿ, ನಿದ್ದೆ ಬಾರದೆ, ಹಿಡಿದೆ:
ಇಲ್ಲಿನ ಏಸಿ ಶ್ರುತಿ ಇಳಿಸಿದೆ.
ಇಲ್ಲಿಯದು ಷಡ್ಜವಾದರೆ
ಅಲ್ಲಿಯದು ಗಾಂಧಾರ, ಅದೂ ಸಾಧಾರಣ ಗಾಂಧಾರ.
ನಡುವೆ ಇಪ್ಪತ್ತೈದು ಕಿಲೋಮೀಟರ್ ಸಮುದ್ರ,
ನಡುದ್ವೀಪದಲ್ಲಿ ಪಾಸ್‌ಪೋರ್ಟಿಗೆ ಎರಡು ಠಸ್ಸೆ.

ಟ್ರ್ಯಾಕು ಹುಟ್ಟಿದ್ದು ಅಲ್ಲಿಂದ.

ಹಳೆಯ ಲ್ಯಾಪ್‌ಟಾಪು, ಎರಡು ಕೀಲಿ ಸತ್ತದ್ದು;
ಹೆಡ್‌ಫೋನಿನ ಎಡಗಿವಿಗೆ ಇನ್ಸುಲೇಶನ್ ಟೇಪು.
ಮೇಲಿನ ಮಂಚದಲ್ಲಿ ಶಮೀಮ್, ಸಿಲ್ಹೆಟ್‌ನವನು,
ಮಗ್ಗುಲು ಬದಲಿಸಿದರೆ ನನ್ನ ಪರದೆಯೂ ಅಲುಗುತ್ತದೆ.
ಫೋನನ್ನು ಕಂಪ್ರೆಸರಿನ ಬೆನ್ನಿಗೆ ಒತ್ತಿ ಹಿಡಿದು
ತಂದ ಗುಂಯ್ಕಾರ ತಂಬೂರಿಯ ಜಾಗಕ್ಕೆ.
ಅದನ್ನು ಮತ್ತೆ ಇಲ್ಲಿನ ಕಂಪ್ರೆಸರಿಗೆ ಹಾಕಿ ಒತ್ತಿದೆ;
ಎರಡರ ಕೆಲಸವೂ ಒಂದೇ, ಹಿಗ್ಗಿದ್ದನ್ನು ಕುಗ್ಗಿಸುವುದು.
ಗ್ಯಾಸ್ ಬಿಡುವ ಸೀಟಿ ಹೈ-ಹ್ಯಾಟ್ ಆಯಿತು.
ಮೀನು ಮಾರ್ಕೆಟಿನಲ್ಲಿ ಐಸು ಒಡೆಯುವ ಸದ್ದನ್ನು
ನಾಲ್ಕು ತುಂಡು ಮಾಡಿ, ಮೂರನೆಯದನ್ನು ಗೆರೆ ದಾಟಿಸಿ ಇಟ್ಟೆ,
ಕೂದಲೆಳೆಯಷ್ಟು ತಡವಾಗಿ.
ಕಾಲು ತಾನಾಗಿ ಅಲ್ಲಾಡಿತು.

ಕಟ್ಟುವುದು ಸುಲಭ. ಹದ ಮಾಡುವುದೇ ಕಷ್ಟ.
ಎಂಟು ಜನಕ್ಕೆ ಒಂದೇ ಬಚ್ಚಲು ಇದ್ದ ಹಾಗೆ
ಬೇಸಿಗೂ ಕಿಕ್ಕಿಗೂ ಒಂದೇ ಜಾಗ ಬೇಕು, ಒಂದೇ ಹೊತ್ತಿಗೆ.
ಸರದಿ ಹಚ್ಚಿದೆ. ಕಿಕ್ ಬಂದಾಗ ಬೇಸು ತಗ್ಗಬೇಕು,
ಅದು ಹೋದ ಮೇಲೆ ತಲೆ ಎತ್ತಬೇಕು.
ಐಸನ್ನು ಎಡಕ್ಕೆ, ಸೀಟಿಯನ್ನು ಬಲಕ್ಕೆ ತಳ್ಳಿ
ನಡುವೆ ಒಬ್ಬ ಮನುಷ್ಯ ಮಲಗುವಷ್ಟು ಖಾಲಿ ಬಿಟ್ಟೆ.

ಪಾಠ ಹೇಳುವವರೆಲ್ಲ ಹೇಳುತ್ತಾರೆ:
ಕರೆಂಟಿನ ಗುಂಯ್ಕಾರ ಕೊಳೆ, ಮೊದಲು ಅದನ್ನು ಕತ್ತರಿಸು.
ಕತ್ತರಿಸಿ ನೋಡಿದೆ.
ಏಸಿ ನಿಂತ ಆಗಸ್ಟಿನ ಕೋಣೆ.
ಎಲ್ಲರೂ ಒಟ್ಟಿಗೆ ಎದ್ದು ಕೂತಂತೆ.
ಮರಳಿ ಹಾಕಿದೆ.

ಶುಕ್ರವಾರ ಹಸನಬ್ಬನ ಖುಬ್ಬೂಸ್ ವ್ಯಾನಿನಲ್ಲಿ ಪರೀಕ್ಷೆ.
ಹೆಡ್‌ಫೋನಿಗೆ ನನ್ನ ಮುಲಾಜು ಇದೆ, ವ್ಯಾನಿಗೆ ಇಲ್ಲ.
ಟ್ರೇಗಳು ಗಡಗಡ ಎಂದವು, ಬೇಸು ಬಾಗಿಲಿನಲ್ಲೇ ಸತ್ತಿತು.
ಸಿಗ್ನಲ್ಲಿನಲ್ಲಿ ಹಸನಬ್ಬ ತಲೆ ಓರೆ ಮಾಡಿ,
"ಎಂಥ ಮಾರಾಯ, ಕೆಟ್ಟದ್ದು ನನ್ನ ಗಾಡಿಯಾ, ನಿನ್ನ ಹಾಡಾ?"
ರಾತ್ರಿ ಎರಡು ಡೆಸಿಬೆಲ್ ಇಳಿಸಿದೆ.
ಮರುವಾರ ಅವನು ಏನೂ ಹೇಳಲಿಲ್ಲ;
ಸ್ಟಿಯರಿಂಗಿನ ಮೇಲೆ ಹೆಬ್ಬೆರಳು ಮಾತ್ರ
ಮೂರನೆಯ ಪೆಟ್ಟಿಗೆ ತುಸು ತಡೆದು ಬಿತ್ತು.

ಮೂರು ನಿಮಿಷ ಹನ್ನೆರಡು ಸೆಕೆಂಡಿನಲ್ಲಿ ಒಂದು ಕೆಮ್ಮು ಇದೆ.
ಶಮೀಮನದು. ಅಳಿಸಲು ಹೋದಾಗ ಮೇಲಿನಿಂದ ಕೂಗಿದ,
ಹರಕು ಹಿಂದಿಯಲ್ಲಿ, ಅದು ತನ್ನ ಪಾಲು ಎಂದು.
ಸ್ವಲ್ಪ ಪ್ರತಿಧ್ವನಿ ಹಾಕಿಕೊಟ್ಟೆ. ಇನ್ನೂ ಸ್ವಲ್ಪ ಬೇಕೆಂದ.

ಈ ತಿಂಗಳು ಕಂಪನಿ ಅವನನ್ನು ದಮ್ಮಾಮಿಗೆ ಕಳಿಸಿತು.
ಅಲ್ಲಿ ಅರವತ್ತು.
ಕೊನೆಯ ಎಂಟು ಆವರ್ತಕ್ಕೆ
ಆ ಸಾಧಾರಣ ಗಾಂಧಾರ ಸೇರಿಸಿದ್ದೇನೆ, ತೀರ ತಗ್ಗಿಸಿ;
ಫೋನಿನಲ್ಲಿ ಕೇಳುವುದೇ ಇಲ್ಲ.
ಫೈಲಿನ ಹೆಸರು: ಕೊನೆಯದು-ಏಳು.
ಕಳಿಸಿದೆ. ಎರಡು ಗೀಟು ನೀಲಿಯಾದವು.
ಉತ್ತರ ಬಂದದ್ದು ಬೆಳಿಗ್ಗೆ, ಮೂರು ಸೆಕೆಂಡಿನ ಧ್ವನಿ:
ಹಿಂದೆ ಅವನ ಏಸಿ, ಮುಂದೆ ಅವನ ಕೆಮ್ಮು.

ಎಂಟನೆಯದು ತೆರೆದಿದ್ದೇನೆ.