ಕಿರುಬೆರಳು

ನೂರ ನಲವತ್ತು ಕಿಲೋ.
ಬೆನ್ನು ಒಪ್ಪಿತು. ತೊಡೆ ಒಪ್ಪಿತು.
ಮೊಣಕಾಲು ದಾಟಿ ಬಂತು ಸರಳು,
ಇನ್ನೊಂದು ಗೇಣು ಇತ್ತು ಅಷ್ಟೇ,
ಕೈ ಕೈಕೊಟ್ಟಿತು.

ಕಬ್ಬಿಣ ಬಿದ್ದ ಸದ್ದಿಗೆ ಗರಡಿಯ ಸೂರಿನ ಪಾರಿವಾಳಗಳೆದ್ದು
ಬಾಗಿಲು ಹಾಕಿದ ಹತ್ತಿ ಗಿರಣಿಯ ಕಡೆ ಹೋದವು.
ವಸ್ತಾದಿ ದುರುಗಪ್ಪ ಏಳಲಿಲ್ಲ.
ಕಟ್ಟೆಯ ಮೇಲೆ ಪೇಪರಿನ ಪೊಟ್ಟಣದಲ್ಲಿ ಮಂಡಕ್ಕಿ,
ಅರ್ಧ ಕಚ್ಚಿದ ಮೆಣಸಿನಕಾಯಿ.
"ಎಲ್ಲಿಂದ ಜಾರ್ತು ಚೌಡಿ?"
ಕೈಯಿಂದ, ಅಂದೆ.
"ಕೈ ಅಂದ್ರೆ ಊರು. ಓಣಿ ಹೇಳು."

ಅಂಗೈ ಬಿಚ್ಚಿ ನೋಡಿಕೊಂಡೆ.
ಮೂರು ಬೆರಳಲ್ಲಿ ಚಾಕ್ ಪುಡಿ ಬೆವರಿಗೆ ಅರೆದು ಬೂದಿ,
ಕಿರುಬೆರಳಲ್ಲಿ ಮಾತ್ರ ಹಚ್ಚಿದ್ದು ಹಚ್ಚಿದ ಹಾಗೆ,
ಹಾಜರಿ ಹಾಕಿ ಹಿಂದಿನ ಬಾಗಿಲಿಂದ ಹೊರಟವನ
ಮಾಸದ ಅಂಗಿ.

ಅವನು ಬಲಗೈ ಎತ್ತಿದ.
ಅದರಲ್ಲಿ ನಾಲ್ಕೇ.
ಎಂಬತ್ತೊಂದನೇ ಇಸವಿ, ರಾತ್ರಿ ಪಾಳಿ, ಹತ್ತಿ ಹಿಂಜುವ ಹಲ್ಲು.
"ಇದ್ದಾಗ ಅದಕ್ಕೇನು ಕೆಲಸ ಅಂತ ಗೊತ್ತಿರಲಿಲ್ಲ,
ಕಿವಿ ಕೆರೆಯೋಕೆ ಅಂದ್ಕೊಂಡಿದ್ದೆ.
ಹೋದ ಮೇಲೆ ಮೊದಲು ಚೊಂಬು ಜಾರ್ತು,
ಆಮೇಲೆ ಗದೆ.
ಇಲ್ಲದವನಿಗೇ ಗೊತ್ತು ನೋಡು, ಅದರ ಕೂಲಿ ಎಷ್ಟು ಅಂತ."

ಆವತ್ತಿನಿಂದ ಮೂರು ತಿಂಗಳು ಬೆನ್ನಿಗೆ ರಜೆ.
ಒದ್ದೆ ಗೋಣಿ ಹಿಂಡು. ಒಣಗಲು ಬಿಡಬೇಡ, ಮತ್ತೆ ಅದ್ದು, ಹಿಂಡು.
ಎರಡು ಬಿಲ್ಲೆ ಬೆನ್ನಿಗೆ ಬೆನ್ನು ಜೋಡಿಸಿ
ಬೆರಳ ತುದಿಯಲ್ಲಿ ಚಿವುಟಿ ಹಿಡಿದು
ಬಾವಿಯವರೆಗೆ ಹೋಗಿ ಬಾ.
ತೊಲೆಗೆ ಜೋತು ಬೀಳು.
ಎಣಿಸುವವನು ಅವನೇ, ಮೋಸಗಾರ:
ಮೂವತ್ತೆಂಟು, ಮೂವತ್ತೊಂಬತ್ತು, ಮೂವತ್ತೊಂಬತ್ತು,
ಯಾರೋ ಬಂದರೆಂದು ಬೀಡಿ ಹಚ್ಚಿ ಮಾತಾಡಿ
ಮತ್ತೆ ಮೂವತ್ತೊಂಬತ್ತು.

ನಮ್ಮ ಮಂಡಕ್ಕಿ ಭಟ್ಟಿಯಿಂದ ಒಂದು ಬಕೆಟ್ ಮರಳು ತಂದೆ.
ಮೊಣಕೈವರೆಗೆ ಹೂತು ಒಳಗೇ ಮುಷ್ಟಿ ಕಟ್ಟಬೇಕು,
ಒಳಗೇ ಬಿಚ್ಚಬೇಕು.
ಕಟ್ಟುವುದಕ್ಕಿಂತ ಬಿಚ್ಚುವುದು ಕಷ್ಟ ಎಂದು
ನನಗೆ ಯಾರೂ ಹೇಳಿರಲಿಲ್ಲ.

ಮರಳು ಕೊಟ್ಟ ಚಿಕ್ಕಮ್ಮ ಹನುಮಕ್ಕನಿಗೆ ನಗು.
ಇಪ್ಪತ್ತು ವರ್ಷದಿಂದ ಬೆಂಕಿಯ ಮುಂದೆ ಸೌಟು ಆಡಿಸುವವಳು
ಹಿಡಿಯುವುದೇ ಇಲ್ಲ ಅದನ್ನು,
ಸುಮ್ಮನೆ ಕೈಯೊಳಗೆ ಇರಗೊಡುತ್ತಾಳೆ.
"ಬಿಗಿ ಹಿಡಿದ್ರೆ ನನಗೆ ಬೊಬ್ಬೆ,
ಬಿಟ್ರೆ ಮಂಡಕ್ಕಿ ಕಪ್ಪು.
ನಿಂದು ಬೇರೆ ಬಿಡು, ಕಬ್ಬಿಣಕ್ಕೆ ಸಲುಗೆ ಕೊಡಬಾರದು."

ಸಂಜೆಗೆ ಲೋಟವನ್ನು ಎರಡು ಕೈಲಿ ಎತ್ತುತ್ತಿದ್ದೆ.
ಅಂಗಿಯ ಗುಂಡಿ ತಂಗಿಯೇ ಹಾಕಬೇಕು.
ಸಿಟಿ ಬಸ್ಸಿನಲ್ಲಿ ಪಿ.ಬಿ. ರಸ್ತೆ ಉದ್ದಕ್ಕೂ
ಮೇಲಿನ ಕಂಬಿಗೆ ಕಿರುಬೆರಳೊಂದನ್ನೇ ಕೊಕ್ಕೆ ಹಾಕಿ ನಿಂತರೆ
ಕಂಡಕ್ಟರ್ ಅಂದ: ಬಿದ್ರೆ ನನ್ನ ತಲೆಗೆ ಬರ್ತದೆ ತಂಗಿ.
ಕೈ ಹಿಡಿಯಲು ಬಂದ ಹರಿಹರದವರು
ದಾವಣಗೆರೆ ಹೆಣ್ಣಿನ ಅಂಗೈ ಇಷ್ಟು ಒರಟೇ ಅಂದು
ತಿಂಡಿ ಮುಗಿಸಿ ಹೋದರು.
ನಾನು ಬ್ಲೇಡು ತೆಗೆದು ಜಡ್ಡನ್ನು ತೆಳ್ಳಗೆ ಹೆರೆದೆ,
ಅವರಿಗಲ್ಲ,
ಉಬ್ಬಿದ ಜಡ್ಡು ಸರಳಿಗೆ ಸಿಕ್ಕಿ ಕಿತ್ತು ಬರುತ್ತದೆ, ಅದಕ್ಕೆ.

ಪಂದ್ಯದ ದಿನ ಅದೇ ನೂರ ನಲವತ್ತು.
ಹೆಬ್ಬೆರಳನ್ನು ಒಳಗೆ ಮಡಚಿ, ಮೇಲೆ ಮೂವರನ್ನು ಕೂರಿಸಿ,
ಕೊನೆಗೆ ಕಿರಿಯವಳನ್ನು ಕರೆದೆ.
ಎದ್ದು ನಿಂತೆ.
ತೀರ್ಪುಗಾರನ ಕೈ ಗಾಳಿಯಲ್ಲೇ ಇದೆ.
ಎತ್ತಿದ್ದೊಂದೇ ಲೆಕ್ಕಕ್ಕಿಲ್ಲ,
ಅವನು ಇಳಿಸು ಅನ್ನುವವರೆಗೆ,
ಇಳಿದು ನೆಲ ಮುಟ್ಟುವವರೆಗೆ
ಹಿಡಿದಿರಬೇಕು.
ಮೂವತ್ತೊಂಬತ್ತು, ಅಂದುಕೊಂಡೆ.
ಮೂವತ್ತೊಂಬತ್ತು.

ಎರಡು ಬಿಳಿ ದೀಪ, ಒಂದು ಕೆಂಪು. ಸಾಕು.

ಹೊರಗೆ ನಲ್ಲಿಯ ಹತ್ತಿರ, ಮುಷ್ಟಿ ಇನ್ನೂ ಬಿಚ್ಚಿರಲಿಲ್ಲ.
ದುರುಗಪ್ಪ ಪೊಟ್ಟಣವನ್ನು ಕಂಕುಳಿಗೆ ಸಿಕ್ಕಿಸಿ
ಒಂದೊಂದೇ ಬೆರಳು ಬಿಡಿಸಿದ,
ನಾಲ್ಕು ಬೆರಳ ಕೈಯಿಂದ, ಮಾತಿಲ್ಲದೆ.
ಕಿರುಬೆರಳು ಎಲ್ಲಕ್ಕಿಂತ ತಡ ಮಾಡಿತು.
ಅವನೂ ಅವಸರಿಸಲಿಲ್ಲ.