ಬೋರಲು ಹಾಕಿದ ಲೋಟ

ಭಾನುವಾರ ಎರಡನೇ ಪೂಜೆ ಮುಗಿದ ಮೇಲೆ
ಗುಡಿಯ ಹಿಂದಿನ ತಗಡಿನ ಷೆಡ್ಡಿನಲ್ಲಿ
ಹನ್ನೊಂದು ಮಕ್ಕಳಿಗೆ ಮೊದಲ ಕಟ್ಟಳೆ ಹೇಳಿಕೊಡುತ್ತೇನೆ.
ಹಲಗೆಯ ಮೇಲೆ ನನ್ನದೇ ಅಕ್ಷರ, ಮಾಡಬಾರದ ಪಟ್ಟಿ:
ತಾಯಿತ, ಶಕುನ, ರಾಹುಕಾಲ, ದೃಷ್ಟಿ ತೆಗೆಯೋದು,
ಗಾಡಿಯ ಚಕ್ರದಡಿ ನಿಂಬೆಹಣ್ಣು.

ಅದೇ ಹೊತ್ತಿಗೆ ಹೊರಗೆ
ಸಂತಿಯಾಗಪ್ಪನ ಹೊಸ ಆಟೋಗೆ ತೀರ್ಥ ಚಿಮುಕಿಸಿ
ಸ್ವಾಮಿಗಳು ಒಳಗೆ ಹೋದರು.
ಗೇಟು ದಾಟಿದ್ದೇ ತಡ,
ಪಚಕ್, ಪಚಕ್,
ಪಚಕ್.
ಮಕ್ಕಳು ನಕ್ಕವು. ತಡೆಯಲಾರದೆ ನಾನೂ.

ನನ್ನ ಮನೆಯದೂ ಹೇಳಿಬಿಡುತ್ತೇನೆ.
ಮಂಡಕ್ಕಿ ಭಟ್ಟಿಯವರು ಟೈರು ಸುಟ್ಟ ಹೊಗೆಗೆ
ಕಿರಿಯವಳು ಜಸಿಂತಳಿಗೆ ರಾತ್ರಿಯೆಲ್ಲ ಉಬ್ಬಸ.
ದೊಡ್ಡಾಸ್ಪತ್ರೆ ಆಯಿತು, ಜಪಸರ ಆಯಿತು,
ಹರಿಹರದ ಮಾತೆಗೆ ಮೇಣದ ಎದೆಗೂಡು ಆಯಿತು.
ಒಂದು ಗುರುವಾರ ನನ್ನ ಹೆಂಡತಿ ಸವೇರಮ್ಮ
ಪಕ್ಕದ ಮನೆಯ ಬೂಬಮ್ಮನ ಜೊತೆ ದರ್ಗಾಕ್ಕೆ ಹೋಗಿ
ಮಗಳ ತೋಳಿಗೆ ಕರಿದಾರ ಕಟ್ಟಿಸಿಕೊಂಡು ಬಂದಳು.
ನಾನು ನೋಡಲಿಲ್ಲ.
ಅಂದರೆ, ನೋಡಿದೆ.
ಸ್ನಾನಕ್ಕೆ ಸಡಿಲಾದ ಗಂಟನ್ನು
ಕತ್ತಲಲ್ಲಿ ಬಿಗಿ ಮಾಡಿದ ಬೆರಳು ನನ್ನವು.

ಪಾಪನಿವೇದನೆಯಲ್ಲಿ ಹೇಳಿಕೊಂಡೆ.
ಜಾಲರಿಯಾಚೆ ಆಕಳಿಕೆ; ಐದು ನಮೋಮರಿಯ.
ದಾರ ಅಷ್ಟಕ್ಕೆ ಮುಗಿಯಿತು.

ಇನ್ನೊಂದನ್ನು ಹೇಳಲಿಲ್ಲ. ಅದು ಪಟ್ಟಿಯಲ್ಲೂ ಇರಲಿಲ್ಲ.

ತಪಸ್ಸುಕಾಲ ಹಿಡಿಯುವ ಮುಂಚೆ ಮಾತಾಡಿಬಿಡೋಣ ಅಂತ
ಮಂಗಳವಾರ ರಾತ್ರಿ ಆವರಗೆರೆಯ ಲೂರ್ದಪ್ಪ ಬಂದಿದ್ದ,
ಬಸ್‌ಸ್ಟ್ಯಾಂಡಿನ ಬದಿ ಚಪ್ಪಲಿ ಹೊಲಿಯುವವನು.
ಮಗನಿಗೆ ಡಿಪೋದಲ್ಲಿ ಕೆಲಸ. ನಮ್ಮ ದೊಡ್ಡವಳನ್ನು ಕೇಳಿದ.
ಪ್ರತಿ ಭಾನುವಾರ ಪೂಜೆಯ ನಡುವೆ
ಸಮಾಧಾನ ಅಂತ ನಾವು ಕೈಮುಗಿಯುವುದು ಒಬ್ಬರಿಗೊಬ್ಬರು.
'ಕೇಳಿ ಹೇಳ್ತೀವಿ' ಅಂದೆ.
ಯಾರನ್ನು ಕೇಳುವುದು,
ಅವನೂ ಕೇಳಲಿಲ್ಲ. ಚಹಾ ಪೂರ್ತಿ ಕುಡಿದು ಎದ್ದ.

ಅವನ ಲೋಟವನ್ನು ನಮ್ಮವ್ವ ಹಿತ್ತಲಿಗೆ ಒಯ್ದು
ಬೂದಿ ಹಾಕಿ ಬೆಳಗಿ
ಕಾಂಪೌಂಡಿನ ಮೇಲೆ ಬೋರಲು ಹಾಕಿದಳು.
ಎಂಬತ್ತೆರಡು ವಯಸ್ಸು; ದಿನಕ್ಕೆ ಮೂರು ಜಪಸರ.
ನಾನು ಸುಮ್ಮನಿದ್ದೆ.
ಬೆಳಿಗ್ಗೆ ವಿಭೂತಿ ಬುಧವಾರ.
ಸಾಲಿನಲ್ಲಿ ನನ್ನ ಮುಂದೆ ಲೂರ್ದಪ್ಪ.
ಅವನ ಹಣೆಗೆ ಒತ್ತಿದ ಹೆಬ್ಬೆರಳೇ ನನ್ನ ಹಣೆಗೂ ಒತ್ತಿತು.
ಬೂದಿ ತಣ್ಣಗಿತ್ತು.

ಲೋಟ ಇನ್ನೂ ಕಾಂಪೌಂಡಿನ ಮೇಲೇ ಇದೆ.
ಒಳಗೆ ತಗೊಂಡು ಬಾ ಅಂತ ಯಾರೂ ಯಾರಿಗೂ ಹೇಳಿಲ್ಲ.
ನಿನ್ನೆ ಜಸಿಂತ, ತೋಳಲ್ಲಿ ಆ ದಾರ,
ಕುಂಟಬಿಲ್ಲೆ ಆಡಿ ದಣಿದು ಬಂದವಳು
ಅದನ್ನೇ ಎತ್ತಿ, ನಲ್ಲಿಗೆ ಹಿಡಿದು,
ಗಟಗಟ ಕುಡಿದಳು.
ಬೇಡ ಅನ್ನಲು ಬಾಯಿ ತೆರೆದೆ.
ಕೆಮ್ಮು ಬಂತು,
ನನಗೆ.